ಓದುಗರ ಪ್ರಶ್ನೆ: ಅಂಗೈಯ ಜಿಪಿಎಸ್, ಯಾವುದನ್ನು ಕೊಳ್ಳಲಿ?

ಈ ಸಲ ಅಂಕಣವೆಲ್ಲ ಒಂದೇ ವಿಷಯಕ್ಕೆ ಮೀಸಲು. ಕಳೆದ ಸಂಚಿಕೆಯಲ್ಲಿ ಚಾರಣದ ಬೂಟುಗಳ ಬಗ್ಗೆ ಉತ್ತರಿಸುತ್ತ, ಯಾರೋ ಬಚ್ಚಿಟ್ಟ ಡಬ್ಬಿಗಳನ್ನು ಹುಡುಕಿಕೊಂಡು ಬೆಟ್ಟ ಕಾಡು ಅಲೆಯುವ ನನ್ನ ಚಟವನ್ನು ಒಂದು ಸಾಲಿನಲ್ಲಿ ಬಾಯಿಬಿಟ್ಟಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಿದ್ದಿದೆ. ಅರ್ಧ ಜನ "ಅದೆಂಥ ಆಟ?" ಎಂದಿದ್ದಾರೆ, ಉಳಿದವರು "ಯಾವ ಜಿಪಿಎಸ್ ಕೊಳ್ಳಲಿ?" ಎಂದು ಕೇಳಿದ್ದಾರೆ.

ಮೊದಲಿನವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಆಟದ ಹೆಸರು ಜಿಯೋಕ್ಯಾಶಿಂಗ್. ಇಲ್ಲಿ ಕ್ಯಾಶ್ ಎಂದರೆ ನಗದಲ್ಲ, ಬಚ್ಚಿಟ್ಟ ಗಂಟು. ಗೊಂದಲವೇ ಬೇಡವೆಂದು ನಾನು ಡಬ್ಬಿ ಎನ್ನುತ್ತೇನೆ. 2000ದ ಮೇ 2ರವರೆಗೆ ಅಮೆರಿಕ ತನ್ನ ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರ ಪಾಲಿಗೆ ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರ್ ಆಚೀಚೆ ತೋರಿಸುವ ಯಂತ್ರ ಹಿಡಿದು ಡಬ್ಬಿ ಹುಡುಕುವ ಮಾತೆಲ್ಲಿ? ಆ ದಿನ ಕೆಡಿಸುವುದನ್ನು ನಿಲ್ಲಿಸಿದರು. ಮರುದಿನವೇ ಡೇವ್ ಉಲ್ಮರ್ ಎಂಬಾತ ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಕಪ್ಪು ಬಕೆಟ್ಟೊಂದನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದ. ಮೂರು ದಿನದೊಳಗೆ ಇಬ್ಬರು ಅದನ್ನು ಪತ್ತೆ ಹಚ್ಚಿದ್ದರು. ಒಳಗಿನದರಲ್ಲಿ ಏನಾದರೂ ತೆಗೆದುಕೊಳ್ಳಿ, ಬದಲಿಗೆ ಏನಾದರೂ ಇಡಿ, ಪುಸ್ತಕದಲ್ಲಿ ಹೆಸರು ಬರೆಯಿರಿ ಎಂಬುದು ಅಂದಿನ ನಿಯಮ. ಇಂದಿಗೂ ಅದೇ.

ನಾನು ಮೂವತ್ತು ವರ್ಷ ಸರಪಳಿ ಮತ್ತು ಥಿಯೊಡೋಲೈಟ್ ಹೊತ್ತು ನೆಲ ಅಳೆದವನು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಒಂದೆರಡು ಕಡೆ ಅಳತೆಯವನ ಹಟ ಕಾಣಿಸಿದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮೊಬೈಲಿನಲ್ಲೇ ಜಿಪಿಎಸ್ ಇದೆ. ದುಡ್ಡು ಕೊಟ್ಟು ಇನ್ನೊಂದನ್ನು ಹೊತ್ತು ತಿರುಗುವುದು ಯಾವ ಬುದ್ಧಿವಂತಿಕೆ? ಕಾಡಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅದೂ ಕೆಲಸ ಮಾಡುವುದಿಲ್ಲವಲ್ಲ?

ಎರಡನೆಯ ಮಾತನ್ನು ಮೊದಲು ತಿದ್ದುತ್ತೇನೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ. ಉಪಗ್ರಹ ಹೇಳುತ್ತದೆ, ನಿಮ್ಮ ಕೈಯಲ್ಲಿರುವುದು ಕೇಳಿಸಿಕೊಳ್ಳುತ್ತದೆ; ಅದು ತಿರುಗಿ ಒಂದು ಮಾತನ್ನೂ ಆಡುವುದಿಲ್ಲ. ರೇಡಿಯೊ ಕೇಳುವಷ್ಟೇ ಏಕಮುಖ. ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿ ಇಟ್ಟರೂ ಅದು ಸ್ಥಾನ ಹೇಳುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಯ ಚಿತ್ರ ತರಿಸಿಕೊಳ್ಳಲು ಮತ್ತು ಮೊದಲ ಸಲ ಸ್ಥಾನ ಹಿಡಿಯುವುದನ್ನು ಚುರುಕುಗೊಳಿಸಲು. ಉಪಗ್ರಹ ತನ್ನ ಪಥದ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ಆಮೆವೇಗದಲ್ಲಿ ಕಳಿಸುತ್ತದೆ. ಒಂದು ಉಪಗ್ರಹದ ವಿವರಕ್ಕೆ ಸುಮಾರು ಅರ್ಧ ನಿಮಿಷ, ಇಡೀ ಬಳಗದ ಪಂಚಾಂಗಕ್ಕೆ ಹನ್ನೆರಡೂವರೆ ನಿಮಿಷ. ಮೊಬೈಲ್ ಈ ಪಂಚಾಂಗವನ್ನು ಟವರಿನಿಂದ ಕ್ಷಣದಲ್ಲಿ ಪಡೆಯುತ್ತದೆ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಮಲಗಿದ್ದ ಪ್ರತ್ಯೇಕ ಸಾಧನ ಬಯಲಿನಲ್ಲಿ ಕೆಲವು ನಿಮಿಷ ಸುಮ್ಮನೆ ನಿಲ್ಲಬೇಕಾಗಬಹುದು. ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ.

ಈಗ ಮೊದಲ ಮಾತು. ತಿಂಗಳಿಗೊಮ್ಮೆ ಉದ್ಯಾನದಲ್ಲಿ ಡಬ್ಬಿ ಹುಡುಕುವವರಾದರೆ ಏನನ್ನೂ ಕೊಳ್ಳಬೇಡಿ. ತೆರೆದ ಆಕಾಶದ ಕೆಳಗೆ ಮೊಬೈಲ್ ಸಾಮಾನ್ಯವಾಗಿ ಐದು ಮೀಟರಿನೊಳಗೆ ತೋರಿಸುತ್ತದೆ. ಪ್ರತ್ಯೇಕ ಸಾಧನ ಅದಕ್ಕಿಂತ ಮಹಾ ನಿಖರವೇನಲ್ಲ. ಇದನ್ನು ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ವ್ಯತ್ಯಾಸ ಇರುವುದು ಬೇರೆ ಕಡೆ. ಒಮ್ಮೆ ಜಡಿಮಳೆಯಲ್ಲಿ ಮೊಬೈಲ್ ತೆಗೆದೆ. ನನ್ನ ಬೆರಳಿಗಿಂತ ಮೊದಲು ಮಳೆಹನಿಗಳೇ ಪರದೆಯನ್ನು ಒತ್ತತೊಡಗಿದವು. ನಕ್ಷೆ ಹಿಗ್ಗಿತು, ಕುಗ್ಗಿತು, ತಿರುಗಿತು. ಕೊನೆಗೆ ನಡುಸಾಗರಕ್ಕೆ ಹೋಗಿ ನಿಂತಿತು. ಅಂಗಿಯ ಅಂಚಿನಿಂದ ಒರೆಸಿದೆ, ಅಂಗಿಯೂ ಒದ್ದೆ. ಹೆಬ್ಬೆರಳು ತೇಲಿಸಿದರೆ ಜಾರುತ್ತದೆ, ಒತ್ತಿದರೆ ಇನ್ನೇನೋ ತೆರೆಯುತ್ತದೆ. ಹತ್ತು ನಿಮಿಷದಲ್ಲಿ ಕಾಲು ಭಾಗ ಬ್ಯಾಟರಿ ಹೋಯಿತು, ಕಾಲುದಾರಿ ಎಲ್ಲಿದೆ ಎಂದು ಮಾತ್ರ ತಿಳಿಯಲಿಲ್ಲ.

ಬಿದ್ದರೆ ಒಡೆಯದ ಮೈ, ಒದ್ದೆಯಲ್ಲೂ ಒತ್ತಬಹುದಾದ ಬಟನ್, ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುವ ಪರದೆ, ದಿನವಿಡೀ ಉಳಿಯುವ ಬ್ಯಾಟರಿ. ಪ್ರತ್ಯೇಕ ಸಾಧನಕ್ಕೆ ನೀವು ದುಡ್ಡು ಕೊಡುವುದು ಇಷ್ಟಕ್ಕೆ. ಅದರಿಂದಾಗುವ ದೊಡ್ಡ ಲಾಭವೆಂದರೆ ನಿಮ್ಮ ಮೊಬೈಲಿನ ಬ್ಯಾಟರಿ ಆಪತ್ತಿನ ಕರೆಗಾಗಿ ತುಂಬಿಯೇ ಇರುತ್ತದೆ.

ಪ್ರಶ್ನೆ: ಅಂಗಡಿಯವರು ಕೊಟ್ಟ ಕರಪತ್ರದಲ್ಲಿ ಇಪ್ಪತ್ತೆಂಟು ವಿಶೇಷಗಳಿವೆ. ನಿಜವಾಗಿ ನೋಡಬೇಕಾದ್ದು ಯಾವುದು?

ಮೊದಲು ಬಟನ್. ಸಾಧನವನ್ನು ನಿಮ್ಮ ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದಲೇ ನಕ್ಷೆಯ ಪುಟಕ್ಕೂ ದಿಕ್ಸೂಚಿಯ ಪುಟಕ್ಕೂ ಹೋಗಿ ಬನ್ನಿ. ಆಗದಿದ್ದರೆ ಕೆಳಗಿಡಿ. ಟಚ್ ಪರದೆಯವು ಅಂಗಡಿಯ ಮೇಜಿನ ಮೇಲೆ ಬಹಳ ಸುಂದರ. ಡಬ್ಬಿಯ ಹೆಸರು, ಟಿಪ್ಪಣಿ ಬರೆಯಲು ಸುಲಭ ಎಂಬುದೂ ನಿಜ. ಕೈಗವಸು ಹಾಕಿ ನೋಡಿದಾಗ ಬಣ್ಣ ಬಯಲಾಗುತ್ತದೆ.

ಆಮೇಲೆ ಬ್ಯಾಟರಿ. ಎರಡು ಪೆನ್ಸಿಲ್ ಸೆಲ್ ಹಾಕುವ ಸಾಧನಗಳು ಒಂದು ಜಾತಿ, ಒಳಗೇ ಕುಳಿತ ಚಾರ್ಜ್ ಆಗುವ ಬ್ಯಾಟರಿಯವು ಇನ್ನೊಂದು. ನನ್ನ ಪಕ್ಷಪಾತ ಪೆನ್ಸಿಲ್ ಸೆಲ್ಲಿಗೆ. ಮುಗಿದರೆ ಚೀಲದಿಂದ ಇನ್ನೆರಡು ತೆಗೆದು ಹಾಕಿ ನಡೆಯುತ್ತಿರಬಹುದು. ಆದರೆ ಸೆಟ್ಟಿಂಗಿನಲ್ಲಿ ಸೆಲ್ಲಿನ ಜಾತಿ ತಿಳಿಸುವುದನ್ನು ಮರೆಯಬೇಡಿ. ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟಿನದು, ಮತ್ತೆ ಮತ್ತೆ ತುಂಬಿಸಬಹುದಾದ ನಿಕ್ಕಲ್ ಸೆಲ್ 1.2 ವೋಲ್ಟಿನದು. ಹೇಳದಿದ್ದರೆ ಭರ್ತಿಯಾಗಿರುವ ಸೆಲ್ಲನ್ನೂ ಸಾಧನ ಅರೆಬರೆ ಎಂದು ತೋರಿಸುತ್ತದೆ. ಹಿಮದ ಎತ್ತರಕ್ಕೆ ಹೋಗುವವರು ಒಮ್ಮೆ ಬಳಸಿ ಬಿಸಾಡುವ ಲಿಥಿಯಂ ಸೆಲ್ ಒಯ್ಯಿರಿ. ಆಲ್ಕಲೈನ್ ಸೆಲ್ ಮುದುಡಿಕೊಳ್ಳುವ ಚಳಿಯಲ್ಲೂ ಅವು ಉಸಿರಾಡುತ್ತವೆ.

ಮೂರನೆಯದು ಮೂರು ಅಕ್ಷದ ಎಲೆಕ್ಟ್ರಾನಿಕ್ ದಿಕ್ಸೂಚಿ. ಮುಂದಿನ ಪ್ರಶ್ನೆಯಲ್ಲಿ ಅದರ ಕಥೆಯೇ ಇದೆ.

ಉಳಿದ ಇಪ್ಪತ್ತೈದರಲ್ಲಿ ಕ್ಯಾಮೆರಾ ಬೇಡ, ಆಟಗಳು ಬೇಡ, ಕ್ಯಾಲ್ಕ್ಯುಲೇಟರ್ ಖಂಡಿತ ಬೇಡ. ನೀರಿನ ತಡೆ ಐಪಿಎಕ್ಸ್7 ಎಂದಿರಲಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು ಅರ್ಥ.

ಪ್ರಶ್ನೆ: ಡಬ್ಬಿಗೆ ಹತ್ತು ಮೀಟರ್ ಇರುವಾಗ ನನ್ನ ಸಾಧನದ ಬಾಣ ಹುಚ್ಚು ಹಿಡಿದಂತೆ ತಿರುಗುತ್ತದೆ. ಎಡಕ್ಕೆ ಹೋದರೆ ಬಲ ಎನ್ನುತ್ತದೆ, ನಿಂತರೆ ಹಿಂದೆ ಎನ್ನುತ್ತದೆ. ಸಾಧನ ಕೆಟ್ಟಿದೆಯೇ?

ಕೆಟ್ಟಿಲ್ಲ. ಅದು ತನ್ನ ಜ್ಞಾನದ ಅಂಚಿಗೆ ಬಂದಿದೆ, ಅಷ್ಟೆ. ಐದು ಮೀಟರ್ ತಪ್ಪಬಹುದಾದ ಸಾಧನಕ್ಕೆ ಹತ್ತು ಮೀಟರ್ ದೂರದ ಗುರಿಯ ದಿಕ್ಕು ಕೇಳಿದರೆ ಅದಾದರೂ ಏನು ಹೇಳೀತು? ನೂರು ಮೀಟರ್ ದೂರದಲ್ಲಿದ್ದಾಗ ಅದೇ ಐದು ಮೀಟರಿನ ತಪ್ಪು ಬಾಣವನ್ನು ಕೂದಲೆಳೆಯಷ್ಟು ಓರೆ ಮಾಡುತ್ತದೆ. ಹತ್ತಿರವಾದಾಗ ಅಷ್ಟೇ ತಪ್ಪು ಬಾಣವನ್ನು ಗಿರಗಿಟ್ಟಲೆ ಆಡಿಸುತ್ತದೆ.

ಇದರ ಜೊತೆ ದಿಕ್ಸೂಚಿಯ ಪ್ರಶ್ನೆ ಇದೆ. ಅಗ್ಗದ ಮಾದರಿಗಳಲ್ಲಿ ಕಾಂತೀಯ ದಿಕ್ಸೂಚಿ ಇರುವುದಿಲ್ಲ. ನೀವು ಕಳೆದ ಕೆಲವು ಹೆಜ್ಜೆ ಯಾವ ಕಡೆ ಇಟ್ಟಿರಿ ಎಂಬುದರಿಂದಲೇ ಅವು ದಿಕ್ಕನ್ನು ಊಹಿಸುತ್ತವೆ. ನಡೆಯುವವರೆಗೆ ಸರಿ, ನಿಂತೊಡನೆ ಅವು ಕುರುಡು. ನಿಂತಲ್ಲೇ ಸುತ್ತಿ ಬಾಣ ನೋಡುವುದು ಡಬ್ಬಿ ಹುಡುಕುವವರ ಅಭ್ಯಾಸವಾದ್ದರಿಂದ ನಮಗೆ ನಿಜವಾದ ದಿಕ್ಸೂಚಿ ಬೇಕು. ಮೂರು ಅಕ್ಷದ್ದಾದರೆ ಸಾಧನವನ್ನು ಓರೆಯಾಗಿ ಹಿಡಿದರೂ ನಡೆಯುತ್ತದೆ. ಬ್ಯಾಟರಿ ಬದಲಿಸಿದಾಗಲೆಲ್ಲ ಅದನ್ನು ಹದಗೊಳಿಸಬೇಕು: ಪರದೆ ಹೇಳಿದಂತೆ ಮೂರೂ ದಿಕ್ಕಿನಲ್ಲಿ ನಿಧಾನಕ್ಕೆ ತಿರುಗಿಸಿದರೆ ಒಂದು ನಿಮಿಷದ ಕೆಲಸ.

ಹದಗೊಳಿಸಿಯೂ ಮೋಸ ಹೋದದ್ದುಂಟು. ಒಂದು ಮುದಿ ಮರದ ಸುತ್ತ ನಲವತ್ತು ನಿಮಿಷ ಪ್ರದಕ್ಷಿಣೆ ಹಾಕಿದೆ. ಬಾಣ ನನ್ನ ಎಡಗಡೆಯನ್ನೇ ತೋರಿಸುತ್ತಿತ್ತು. ಎಡಕ್ಕೆ ತಿರುಗಿದರೆ ಹೊಸ ಎಡವನ್ನು. ಬೆವರಿಗೆ ಕನ್ನಡಕ ಮಸುಕಾಯಿತು. ಒರೆಸೋಣವೆಂದು ಸಾಧನವನ್ನು ಬಂಡೆಯ ಮೇಲಿಟ್ಟೆ. ಇಟ್ಟದ್ದೇ ತಡ, ಬಾಣ ನಿಧಾನವಾಗಿ ಅರ್ಧ ಸುತ್ತು ತಿರುಗಿ ಇಳಿಜಾರಿನ ಕಡೆ ಗಟ್ಟಿಯಾಗಿ ನಿಂತಿತು. ಎತ್ತಿ ಎದೆಯ ಹತ್ತಿರ ಹಿಡಿದೆ, ಮತ್ತೆ ಎಡ! ಅಂಗಿಯ ಜೇಬಿನಲ್ಲಿದ್ದ ಕನ್ನಡಕದ ಪೆಟ್ಟಿಗೆಯ ಮುಚ್ಚಳಕ್ಕೆ ಪುಟ್ಟ ಅಯಸ್ಕಾಂತವಿತ್ತು. ಭೂಮಿಯ ಕಾಂತಕ್ಷೇತ್ರಕ್ಕಿಂತ ನನ್ನ ಜೇಬಿನದೇ ಜೋರು. ಮೊಬೈಲ್ ಕವರಿನ ಮುಚ್ಚಳ, ಮೊಬೈಲಿನ ಸ್ಪೀಕರ್, ಕೆಲವು ಚೀಲಗಳ ಕೊಂಡಿ, ಎಲ್ಲವೂ ಇದೇ ಆಟ ಆಡುತ್ತವೆ. ಸಾಧನವನ್ನು ಮೈಯಿಂದ ಒಂದು ಮೊಳ ದೂರ ಹಿಡಿಯಿರಿ.

ಹತ್ತು ಮೀಟರ್ ಎಂದು ತೋರಿಸಿದಾಗ ನಾನು ಸಾಧನವನ್ನು ಜೇಬಿಗೆ ಹಾಕಿ ಕೈ ಕಟ್ಟಿ ನಿಲ್ಲುತ್ತೇನೆ. ನಾನಾಗಿದ್ದರೆ ಎಲ್ಲಿ ಬಚ್ಚಿಡುತ್ತಿದ್ದೆ? ಹಾಗೆ ಕೇಳಿಕೊಂಡು ಆ ಇಳಿಜಾರಿನಲ್ಲಿ ಕಂಡದ್ದು ಒಂದು ಬೇರಿನ ಪೊಟರೆ. ಬಾಯಿಗೆ ಅಡ್ಡವಾಗಿ ಐದಾರು ಕಡ್ಡಿಗಳು, ಎಲ್ಲವೂ ಒಂದೇ ಉದ್ದ, ಒಂದರ ಪಕ್ಕ ಒಂದು. ಗಾಳಿ ಕಡ್ಡಿಗಳನ್ನು ಹಾಗೆ ಜೋಡಿಸುವುದಿಲ್ಲ. ಸರಿಸಿದರೆ ಒಳಗೆ ಹಳೆಯ ಫಿಲ್ಮ್ ರೋಲಿನ ಕಪ್ಪು ಡಬ್ಬಿ, ಅದರೊಳಗೆ ಬೀಡಿಯಂತೆ ಸುತ್ತಿದ ಕಾಗದ.

ಪ್ರಶ್ನೆ: ಮಲ್ಟಿ ಬ್ಯಾಂಡ್, ಗ್ಲೋನಾಸ್, ಗೆಲಿಲಿಯೊ ಎಂದೆಲ್ಲ ಬರೆದಿರುತ್ತಾರೆ. ಹೆಚ್ಚು ಹಣ ತೆತ್ತು ಇವನ್ನು ಕೊಳ್ಳಬೇಕೆ?

ಸ್ಥಾನ ಹೇಳುವ ಉಪಗ್ರಹ ಬಳಗಗಳು ಹಲವು: ಜಿಪಿಎಸ್ ಅಮೆರಿಕದ್ದು, ಗ್ಲೋನಾಸ್ ರಷ್ಯಾದ್ದು, ಗೆಲಿಲಿಯೊ ಯುರೋಪಿನದು, ಬೈಡೌ ಚೀನಾದ್ದು. ಹೆಚ್ಚು ಬಳಗಗಳನ್ನು ಕೇಳಿಸಿಕೊಳ್ಳುವ ಸಾಧನಕ್ಕೆ, ಆಕಾಶ ಕಿಂಡಿಯಷ್ಟೇ ಕಾಣುವ ಕಣಿವೆಯಲ್ಲೂ ಸಾಕಷ್ಟು ಉಪಗ್ರಹಗಳು ಸಿಗುತ್ತವೆ. ಈಗ ಬರುವ ಸಾಧನಗಳಲ್ಲಿ ಹೆಚ್ಚಿನವು ಕನಿಷ್ಠ ಎರಡು ಬಳಗವನ್ನಾದರೂ ಕೇಳುತ್ತವೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಮಲ್ಟಿ ಬ್ಯಾಂಡ್ ಬೇರೆ ವಿಚಾರ. ಒಂದೇ ಉಪಗ್ರಹವನ್ನು ಒಂದಕ್ಕಿಂತ ಹೆಚ್ಚು ತರಂಗಗಳಲ್ಲಿ ಕೇಳಿಸಿಕೊಳ್ಳುವುದು ಎಂದು ಅರ್ಥ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿಲೋಮೀಟರ್ ಮೇಲಿದೆ. ಅಲ್ಲಿಂದ ಹೊರಟ ಸಂಕೇತ ನೇರವಾಗಿ ನಿಮ್ಮ ಕೈಗೆ ಬರಬೇಕು. ಪಕ್ಕದ ಬಂಡೆಗೆ ಬಡಿದು ಬಂದರೆ ದಾರಿ ಉದ್ದವಾಗುತ್ತದೆ. ಸಾಧನ ಅದನ್ನು ನಂಬಿದರೆ ನಿಮ್ಮನ್ನು ಬಂಡೆಯ ಆಚೆ ನಿಲ್ಲಿಸುತ್ತದೆ. ಹಳೆಯ ಎಲ್1 ತರಂಗ 1575.42 ಮೆಗಾಹರ್ಟ್ಸ್‌ನದು. ಹೊಸ ಎಲ್5 ತರಂಗ 1176.45ರದು, ಅದರ ಗುರುತಿನ ಸಂಕೇತ ಹತ್ತು ಪಟ್ಟು ಚುರುಕು. ಆದ್ದರಿಂದ ನೇರವಾಗಿ ಬಂದದ್ದು ಯಾವುದು, ಬಡಿದು ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಸುಲಭ. ಎರಡೂ ತರಂಗಗಳನ್ನು ಹೋಲಿಸಿ ಮೇಲಿನ ವಾತಾವರಣದಲ್ಲಾದ ತಡವನ್ನೂ ಲೆಕ್ಕ ಹಾಕಬಹುದು. ಕಡಿದಾದ ಬಂಡೆಗಳ ಬುಡದಲ್ಲಿ, ದಟ್ಟ ಕಾಡಿನಲ್ಲಿ, ಎತ್ತರದ ಕಟ್ಟಡಗಳ ಸಂದಿಯಲ್ಲಿ ಇದರ ಪ್ರಯೋಜನ ಕಣ್ಣಿಗೆ ಕಾಣುತ್ತದೆ.

ಬಯಲಿನಲ್ಲಿ ನಡೆಯುವವರಿಗೆ ಅಷ್ಟಿಲ್ಲ. ಇನ್ನೊಂದು ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ. ಡಬ್ಬಿಯ ಸ್ಥಾನವನ್ನು ಬರೆದುಕೊಟ್ಟವನ ಸಾಧನವೂ ತಪ್ಪುತ್ತದೆ! ಅವನದು ಐದು ಮೀಟರ್, ನಿಮ್ಮದು ಐದು ಮೀಟರ್ ಎಂದಾದರೆ ಒಟ್ಟು ತಪ್ಪು ಸುಮಾರು ಏಳು. ನಿಮ್ಮದನ್ನು ಒಂದು ಮೀಟರಿಗೆ ಇಳಿಸಿದರೂ ಅವನ ಐದು ಹಾಗೇ ಉಳಿಯುತ್ತದೆ. ಕಾಡಿನಲ್ಲೇ ಹೆಚ್ಚು ತಿರುಗುವವರು ಮಲ್ಟಿ ಬ್ಯಾಂಡ್ ಕೊಳ್ಳಿ, ಉಳಿದವರು ಆ ಹಣದಲ್ಲಿ ಒಳ್ಳೆಯ ಮಳೆ ಅಂಗಿ ಕೊಳ್ಳಿ.

ಪ್ರಶ್ನೆ: ಹೊಸ ಸಾಧನದೊಂದಿಗೆ ಮೊದಲ ದಿನವೇ ಡಬ್ಬಿಯ ಜಾಗಕ್ಕಿಂತ ಅರ್ಧ ಕಿಲೋಮೀಟರ್ ದೂರ ಹೋಗಿ ನಿಂತೆವು. ಅಂಕಿಗಳನ್ನು ಮೂರು ಸಲ ನೋಡಿಕೊಂಡೇ ಹಾಕಿದ್ದೆವು. ಹಿಂದಿರುಗಿಸಬೇಕೆ?

ಹಿಂದಿರುಗಿಸಬೇಡಿ. ಅಂಕಿ ಸರಿ ಇತ್ತು, ಓದಿದ ರೀತಿ ತಪ್ಪಾಯಿತು ಎಂದು ನನ್ನ ಊಹೆ. ಪಣ ಕಟ್ಟಲೂ ಸಿದ್ಧ. ಉಲ್ಮರ್‌ನ ಬಕೆಟ್ಟನ್ನೇ ತೆಗೆದುಕೊಳ್ಳಿ. ಅದರ ಅಕ್ಷಾಂಶ ಉತ್ತರ 45° 17.460. ಅಂದರೆ 45 ಡಿಗ್ರಿ, ಮತ್ತೆ 17 ದಶಮಾಂಶ 460 ನಿಮಿಷ. ಇದರಲ್ಲಿ ಸೆಕೆಂಡೇ ಇಲ್ಲ. ಆದರೆ ಶಾಲೆಯಲ್ಲಿ ಡಿಗ್ರಿ, ನಿಮಿಷ, ಸೆಕೆಂಡು ಎಂದು ಕಲಿತ ಕಣ್ಣು ಅದನ್ನು 17 ನಿಮಿಷ 46 ಸೆಕೆಂಡು ಎಂದು ಓದುತ್ತದೆ. 46 ಸೆಕೆಂಡೆಂದರೆ 0.767 ನಿಮಿಷ, 0.460 ಅಲ್ಲ. ವ್ಯತ್ಯಾಸ 0.307 ನಿಮಿಷ. ಅಕ್ಷಾಂಶದ ಒಂದು ನಿಮಿಷವೆಂದರೆ ನೆಲದ ಮೇಲೆ ಸುಮಾರು 1,852 ಮೀಟರ್. ಗುಣಿಸಿ ನೋಡಿ: 568 ಮೀಟರ್. ಅಷ್ಟು ಉತ್ತರಕ್ಕೆ ಹೋಗಿ ಪೊದೆ ಪೊದೆ ತಡಕಿದರೆ ಬಕೆಟ್ ಎಲ್ಲಿಂದ ಸಿಗಬೇಕು?

ಸಾಧನದ ಸೆಟ್ಟಿಂಗಿಗೆ ಹೋಗಿ. ಸ್ಥಾನದ ನಮೂನೆ ಎಂಬಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷ ಎಂಬುದನ್ನು ಆರಿಸಿ. ಈ ಆಟದ ಲೋಕವೆಲ್ಲ ಅದನ್ನೇ ಬಳಸುತ್ತದೆ. ಕೊನೆಯ ಅಂಕಿ ಒಂದು ಬದಲಾದರೆ ಅಕ್ಷಾಂಶದಲ್ಲಿ 1.85 ಮೀಟರ್, ಅಂದರೆ ಎರಡು ಮೂರು ಹೆಜ್ಜೆ. ಡೇಟಮ್ ಎಂಬಲ್ಲಿ ಡಬ್ಲ್ಯೂಜಿಎಸ್ 84 ಇರಬೇಕು. ಡೇಟಮ್ ಎಂದರೆ ಅಕ್ಷಾಂಶ ರೇಖಾಂಶವನ್ನು ಭೂಮಿಗೆ ಎಲ್ಲಿ ಮೊಳೆ ಹೊಡೆದು ಕೂರಿಸಿದ್ದಾರೆ ಎಂಬ ಲೆಕ್ಕ. ಹಳೆಯ ನಕ್ಷೆಗಳಲ್ಲಿ ಒಂದೊಂದು ದೇಶದ್ದು ಒಂದೊಂದು. ಜಪಾನಿನ ಹಳೆಯ ಟೋಕಿಯೊ ಡೇಟಮ್‌ಗೂ ಇದಕ್ಕೂ ಆ ನಗರದಲ್ಲಿ ನಾನೂರು ಮೀಟರಿಗೂ ಮಿಕ್ಕ ಅಂತರ. ಯಾರಾದರೂ ನಿಮ್ಮ ಸೆಟ್ಟಿಂಗ್ ಮುಟ್ಟಿದರೆ ಕೈ ಮೇಲೆ ಹೊಡೆಯಿರಿ.

ಇನ್ನೂ ಒಳ್ಳೆಯದೆಂದರೆ ಅಂಕಿಗಳನ್ನು ಕೈಯಿಂದ ಹಾಕಲೇಬೇಡಿ. ಡಬ್ಬಿಗಳ ವಿವರ ಜಿಪಿಎಕ್ಸ್ ಎಂಬ ಕಡತದಲ್ಲಿ ಸಿಗುತ್ತದೆ. ವರ್ಣನೆ, ಸುಳಿವು, ಹಿಂದೆ ಹುಡುಕಿದವರ ಟಿಪ್ಪಣಿ ಎಲ್ಲವೂ ಅದರೊಳಗಿರಬಹುದು. ಅವನ್ನೆಲ್ಲ ಪರದೆಯ ಮೇಲೇ ಓದಲು ಬರುವ ಸಾಧನವನ್ನೇ ಆರಿಸಿಕೊಳ್ಳಿ. ಹಳೆಯ ಕಾಲದಲ್ಲಿ ನಾನು ಕಾಗದದ ಕಟ್ಟು ಹೊತ್ತು ಹೋಗುತ್ತಿದ್ದೆ. ಮಳೆ ಬಂದರೆ ಸುಳಿವೆಲ್ಲ ಶಾಯಿಯ ಹೊಳೆ.

ಪ್ರಶ್ನೆ: ಸ್ನೇಹಿತರೊಬ್ಬರು ಹದಿನೈದು ವರ್ಷ ಹಳೆಯ ಸಾಧನವನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಾರೆ.

ಸ್ನೇಹ ಉಳಿಯಬೇಕಾದರೆ ಮೊದಲು ಅದನ್ನು ಬಯಲಿನಲ್ಲಿ ಹಚ್ಚಿ, ತಾರೀಖು ನೋಡಿ. ಜಿಪಿಎಸ್ ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರಂದು ಹಾಗೆ ಸೊನ್ನೆಯಾಯಿತು. ಅದಕ್ಕೆ ಸಿದ್ಧವಿಲ್ಲದ ಹಳೆಯ ಯಂತ್ರಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ. ಸ್ಥಾನ ಸರಿಯಿದ್ದೀತು, ಆದರೆ ದಾಖಲೆಯೆಲ್ಲ ಕಲಸುಮೇಲೋಗರ. ಸೆಲ್ಲಿನ ಮನೆಯಲ್ಲಿ ಹಸಿರು ಕಿಲುಬು ಇದೆಯೇ, ಬಟನ್ನಿನ ರಬ್ಬರ್ ಅಂಟುತ್ತದೆಯೇ ನೋಡಿ. ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಈಗ ಸಿಗುತ್ತದೆಯೇ ಎಂದು ಕೇಳಿ. ಇವುಗಳಲ್ಲಿ ಒಂದು ಕೊರತೆ ಕಂಡರೂ ಬೇಡ.

ಪ್ರಶ್ನೆ: ನಾನೂ ನನ್ನ ಯಜಮಾನರೂ ಒಂದೇ ಶಿಖರದ ಮೇಲೆ ನಿಂತಿದ್ದರೂ ನಮ್ಮ ಸಾಧನಗಳು ಎತ್ತರವನ್ನು 30 ಮೀಟರ್ ಬೇರೆ ಬೇರೆಯಾಗಿ ತೋರಿಸಿದವು. ಯಾರದು ಸರಿ? (ಉತ್ತರ ನನ್ನ ಪರವಾಗಿದ್ದರೆ ಮಾತ್ರ ಪ್ರಕಟಿಸಿ.)

ಅಮ್ಮಾ, ಇಬ್ಬರದೂ ತಪ್ಪಿರುವ ಸಾಧ್ಯತೆಯೇ ಹೆಚ್ಚು, ಆದರೂ ಪ್ರಕಟಿಸುತ್ತಿದ್ದೇನೆ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿವೆ, ಕಾಲ ಕೆಳಗೆ ಒಂದೂ ಇಲ್ಲ. ಆದ್ದರಿಂದ ಎತ್ತರದ ಲೆಕ್ಕ ಯಾವಾಗಲೂ ನೆಲದ ಲೆಕ್ಕಕ್ಕಿಂತ ಸಡಿಲ. ಇದನ್ನು ಸರಿಪಡಿಸಲು ಕೆಲವು ಸಾಧನಗಳಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇರುತ್ತದೆ. ಸಮುದ್ರಮಟ್ಟದ ಆಸುಪಾಸಿನಲ್ಲಿ ಸುಮಾರು 8 ಮೀಟರ್ ಏರಿದರೆ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಏರಿಳಿತವನ್ನು ಇದು ಬಹಳ ಸೂಕ್ಷ್ಮವಾಗಿ ಹಿಡಿಯುತ್ತದೆ, ಆದರೆ ಹವೆ ಬದಲಾದರೂ ಒತ್ತಡ ಬದಲಾಗುತ್ತದಲ್ಲ! ಎತ್ತರ ಗೊತ್ತಿರುವ ಜಾಗದಲ್ಲಿ ಬೆಳಗ್ಗೆ ಹೊರಡುವಾಗ ಅದಕ್ಕೆ ಪಾಠ ಹೇಳಿಕೊಡಬೇಕು. ಇಬ್ಬರಲ್ಲಿ ಯಾರು ಅದನ್ನು ಮಾಡಿದ್ದರೋ ಅವರಿಗೆ ಗೆಲುವು.

ಇದರಿಂದ ಒಂದು ಉಪಕಾರವೂ ಇದೆ. ರಾತ್ರಿ ಡೇರೆಯಲ್ಲಿ ಮಲಗುವಾಗ ಎತ್ತರ ಗುರುತು ಹಾಕಿಕೊಳ್ಳಿ. ಬೆಳಗ್ಗೆ ಎದ್ದಾಗ ಡೇರೆ 40 ಮೀಟರ್ ಮೇಲೇರಿದಂತೆ ತೋರಿಸಿದರೆ ಏರಿದ್ದು ಡೇರೆಯಲ್ಲ, ಇಳಿದದ್ದು ಒತ್ತಡ, ಐದು ಹೆಕ್ಟೋಪಾಸ್ಕಲ್‌ನಷ್ಟು. ಹವೆ ಕೆಡುವ ಸೂಚನೆ ಅದು. ನಾನಾದರೆ ಶಿಖರದ ಆಸೆ ಬಿಟ್ಟು ಗಂಟು ಮೂಟೆ ಕಟ್ಟುತ್ತೇನೆ.

ಪ್ರಶ್ನೆ: ಜಿಪಿಎಸ್ ಇದ್ದರೆ ಅಪಾಯದಲ್ಲಿ ನಮ್ಮನ್ನು ಹುಡುಕಿಕೊಂಡು ಬರುತ್ತಾರೆಯೇ?

ಬರುವುದಿಲ್ಲ. ಮೊದಲೇ ಹೇಳಿದೆ, ಅದು ಕೇಳಿಸಿಕೊಳ್ಳುತ್ತದೆ, ಮಾತಾಡುವುದಿಲ್ಲ. ಇರಿಡಿಯಂನಂಥ ಉಪಗ್ರಹ ಜಾಲದ ಮೂಲಕ ಸಂದೇಶ ಕಳಿಸುವ ಸಾಧನಗಳು ಬೇರೆ ಇವೆ. ಅವುಗಳಿಗೆ ಚಂದಾ ಕಟ್ಟಬೇಕು. ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಅವನ್ನು ಒಯ್ದರೆ ಪೊಲೀಸರು ಹಿಡಿಯುತ್ತಾರೆ. ಒಬ್ಬರೇ ದೂರದ ಬೆಟ್ಟಗಳಿಗೆ ಹೋಗುವವರು ಕಾನೂನು ವಿಚಾರಿಸಿಕೊಂಡು ಕೊಳ್ಳಿ. ಉಳಿದವರು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಚೀಟಿಯಲ್ಲಿ ಬರೆದು ಮನೆಯಲ್ಲಿಟ್ಟು ಹೋಗಿ.

ಪ್ರಶ್ನೆ: ನೀವು ಹೇಳುವುದೆಲ್ಲ ಸರಿ. ಮಾದರಿಯ ಹೆಸರು ಹೇಳಿ ಸ್ವಾಮಿ.

ಬೈಸಿಕೊಳ್ಳಲು ಸಿದ್ಧನಾಗಿ ಹೇಳುತ್ತೇನೆ. ಈ ಜಾತಿಯ ಸಾಧನಗಳಲ್ಲಿ ಎಲ್ಲೆಡೆ ಸುಲಭವಾಗಿ ಕಾಣಸಿಗುವುದು ಗಾರ್ಮಿನ್ ಕಂಪನಿಯವು, ಆದ್ದರಿಂದ ಅವುಗಳಲ್ಲೇ ಹೋಲಿಸುತ್ತೇನೆ. 2019ರಲ್ಲಿ ಬಂದ ಇಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್ ಅಣ್ಣ ತಮ್ಮಂದಿರು. ಅದೇ 2.2 ಅಂಗುಲದ ಪರದೆ, ಎರಡು ಪೆನ್ಸಿಲ್ ಸೆಲ್, ತಯಾರಕರ ಲೆಕ್ಕದಲ್ಲಿ 25 ಗಂಟೆ. 32ಎಕ್ಸ್‌ನಲ್ಲಿ ಮೂರು ಅಕ್ಷದ ದಿಕ್ಸೂಚಿ ಮತ್ತು ಬ್ಯಾರೋಮೀಟರ್ ಇವೆ, 22ಎಕ್ಸ್‌ನಲ್ಲಿ ಇಲ್ಲ. ಡಬ್ಬಿ ಹುಡುಕುವವರು 32ಎಕ್ಸ್ ಎನ್ನುವುದರಲ್ಲಿ ಎರಡು ಮಾತಿಲ್ಲ. ಬರೀ ಗುರುತು ಮಾಡಿದ ಕಾಲುದಾರಿಗಳಲ್ಲಿ ನಡೆಯುವವರಿಗೆ 22ಎಕ್ಸ್ ಸಾಕು.

2023ರ ಇಟ್ರೆಕ್ಸ್ ಎಸ್ಇಯಲ್ಲಿ ನಕ್ಷೆಯೇ ಇಲ್ಲ, ಬಾಣ ಮತ್ತು ಗೆರೆ ಮಾತ್ರ. ಆದರೆ ದಿಕ್ಸೂಚಿ ಇದೆ, ಎರಡು ಸೆಲ್ಲಿನಲ್ಲಿ 168 ಗಂಟೆ ನಡೆಯುತ್ತದೆ ಎನ್ನುತ್ತಾರೆ, ಮೊಬೈಲಿನಿಂದ ಡಬ್ಬಿಗಳ ವಿವರ ಪಡೆಯುತ್ತದೆ. ಮೊಬೈಲಿನ ನಕ್ಷೆಗೆ ಒಗ್ಗಿಹೋದವರಿಗೆ ಇದೊಂದು ಚೊಕ್ಕ ಜೋಡಿ. ದಟ್ಟ ಕಾಡಿನವರಿಗೆ ಮಲ್ಟಿ ಬ್ಯಾಂಡಿನ ಜಿಪಿಎಸ್‌ಮ್ಯಾಪ್ 65ಎಸ್. ಅದೂ ಪೆನ್ಸಿಲ್ ಸೆಲ್ಲಿನದು, ಆದರೆ 16 ಗಂಟೆಗೆ ಸುಸ್ತಾಗುತ್ತದೆ. ಅದರ ಮೇಲಿನ ಜಿಪಿಎಸ್‌ಮ್ಯಾಪ್ 67ಕ್ಕೆ ಮೂರು ಅಂಗುಲದ ಪರದೆ, ಒಳಗಿನ ಬ್ಯಾಟರಿ 180 ಗಂಟೆ, ತೂಕ 230 ಗ್ರಾಂ. ವಾರಗಟ್ಟಲೆ ನಡೆಯುವವರಿಗೆ ಯೋಗ್ಯ. ನನ್ನಂತೆ ಓದುವ ಕನ್ನಡಕ ಬೇಕಾದವರಿಗೂ ಅದರ ದೊಡ್ಡ ಪರದೆ ಹಿತ.

ನಕ್ಷೆಗೆ ಹೆಚ್ಚಿನ ದುಡ್ಡು ಸುರಿಯುವ ಮೊದಲು ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಉಚಿತ ನಕ್ಷೆಗಳನ್ನು ತುಂಬಿ ನೋಡಿ. ಎಷ್ಟೋ ಕಡೆ ಕಾಲುದಾರಿಗಳು ಅವುಗಳಲ್ಲೇ ಚೆನ್ನಾಗಿವೆ. ಯಾವ ಸಾಧನವಾದರೂ ಸರಿ, ಗಾಡಿ ನಿಲ್ಲಿಸಿದ ಜಾಗವನ್ನು ಮೊದಲು ಗುರುತು ಹಾಕಿ, ನಡೆದ ದಾರಿಯನ್ನು ಗೆರೆಯಾಗಿ ಉಳಿಸುವ ಟ್ರ್ಯಾಕ್ ದಾಖಲೆ ಚಾಲೂ ಮಾಡಿ, ಆಮೇಲೆ ಹೆಜ್ಜೆ ಇಡಿ. ಹೋದ ದಾರಿಯಲ್ಲೇ ಹಿಂದಿರುಗಲು ಆ ಗೆರೆಗಿಂತ ಒಳ್ಳೆಯ ಸಂಗಾತಿ ಇಲ್ಲ.

ಪ್ರಶ್ನೆ: ಅಂಕಲ್, ಡಬ್ಬಿ ಹತ್ತಿರ ಬಂದಾಗ ಜಿಪಿಎಸ್ ಕೂಗುತ್ತದಾ? ನನಗೆ ಎಂಟು ವರ್ಷ.

ಕೂಗುವಂತೆ ಮಾಡಬಹುದು ಪುಟ್ಟಿ, ಆದರೆ ಅದು ಜಾಗ ಬಂತೆಂದು ಕೂಗುತ್ತದೆ, ಡಬ್ಬಿ ಕಂಡಿತೆಂದಲ್ಲ. ಡಬ್ಬಿಯನ್ನು ಕಾಣುವುದು ನಿನ್ನ ಕೆಲಸ. ದೊಡ್ಡವರೆಲ್ಲ ಮೇಲೆ ಹುಡುಕುತ್ತಾರೆ, ನೀನು ಬೆಂಚಿನ ಅಡಿ ನೋಡು, ಬೇಲಿ ಕಂಬದ ಹಿಂದೆ ನೋಡು. ಪೊಟರೆಯೊಳಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕು. ಅಲ್ಲಿ ಬೇರೆ ಯಾರಾದರೂ ವಾಸವಿರಬಹುದು. ಸಿಕ್ಕರೆ ಒಳಗಿನ ಬೊಂಬೆ ತೆಗೆದುಕೊಂಡು ಅಷ್ಟೇ ಚೆಂದದ ಇನ್ನೊಂದನ್ನು ಇಡು. ತಿಂಡಿ ಇಡಬೇಡ, ವಾಸನೆಗೆ ಪ್ರಾಣಿಗಳು ಬಂದು ಡಬ್ಬಿ ಕಚ್ಚಿ ಹಾಕುತ್ತವೆ. ಹೋಗುವಾಗ ಪೆನ್ಸಿಲ್ ಮರೆಯಬೇಡ. ಹೆಸರು ಬರೆಯಬೇಕಲ್ಲ, ಒಳಗಿನ ಕಾಗದ ಸಾಮಾನ್ಯವಾಗಿ ತೇವವಾಗಿರುತ್ತದೆ, ಪೆನ್ನು ಅದರ ಮೇಲೆ ಬರೆಯುವುದಿಲ್ಲ.